ನಾಲೆ ನೀರಿನ ಜಾಡು ಹಿಡಿದು ಶ್ರೀರಂಗಪಟ್ಟಣಕ್ಕೆ

"ತಾತ, ವಿ.ಸಿ. ಫಾರಂ ಅಂದ್ರೆ ವಿಡಿಯೋ ಕಾಲ್ ಫಾರಂ ಅಂತಾನಾ?"

ಕಳೆದ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ರಜೆಗೆಂದು ಬೆಂಗಳೂರಿನಿಂದ ಬಂದ ನನ್ನ ಮೊಮ್ಮಗ ಕೇಳಿದ ಪ್ರಶ್ನೆ ಇದು. ಮೂರನೇ ತರಗತಿಯ ಹುಡುಗ. ಅವನದೇನೂ ತಪ್ಪಿಲ್ಲ ಬಿಡಿ. ಪ್ರತಿ ಭಾನುವಾರ ಅವನು ತಾತ ಅಜ್ಜಿಯನ್ನು ನೋಡುವುದು ಫೋನಿನ ವಿಡಿಯೋ ಕಾಲ್‌ನಲ್ಲೇ. ಅದಕ್ಕೆ ಅವನ ಮನೆಯಲ್ಲಿ 'ವಿ.ಸಿ. ಮಾಡೋಣ' ಎನ್ನುತ್ತಾರಂತೆ.

"ಅಲ್ಲ ಕಣೋ, ವೈಸ್ ಚಾನ್ಸಲರ್ ಫಾರಂ. ಇಲ್ಲಿ ಕಾಲೇಜಿಲ್ವಾ?" ಎಂದಳು ಏಳನೇ ತರಗತಿಯ ಅವನ ಅಕ್ಕ. ನಮ್ಮಲ್ಲಿ ಕೃಷಿ ಕಾಲೇಜು ಇರುವುದರಿಂದ ಅವಳ ಊಹೆಯೂ ತೀರಾ ಕೆಟ್ಟದ್ದೇನಲ್ಲ.

ನಗು ಬಂತು. ಆಮೇಲೆ ಸ್ವಲ್ಪ ನಾಚಿಕೆಯೂ ಆಯಿತು. ನಾನು ಹುಟ್ಟಿ ಬೆಳೆದ ಊರಿನ ಹೆಸರಿನ ಅರ್ಥವನ್ನು ಮೊಮ್ಮಕ್ಕಳಿಗೆ ಇಷ್ಟು ವರ್ಷ ಹೇಳಿಯೇ ಇರಲಿಲ್ಲವಲ್ಲ! ಇಬ್ಬರನ್ನೂ ನಾಲೆ ಏರಿಯ ಮೇಲೆ ಕರೆದುಕೊಂಡು ಹೋದೆ.

"ವಿ. ಅಂದರೆ ವಿಶ್ವೇಶ್ವರಯ್ಯ. ಸಿ. ಅಂದರೆ ಕೆನಾಲ್, ಅಂದರೆ ನಾಲೆ. ಮೊದಲು ಇದಕ್ಕೆ ಇರ್ವಿನ್ ನಾಲೆ ಅಂತಿದ್ದರು. ಇರ್ವಿನ್ ಅನ್ನುವವನು ಆಗ ಇಂಡಿಯಾದ ವೈಸ್‌ರಾಯ್. ನೀರಾವರಿಯಲ್ಲಿ ಬೇಸಾಯ ಹೇಗೆ ಮಾಡಬೇಕು ಅಂತ ಪ್ರಯೋಗ ಮಾಡೋದಕ್ಕೆ 1931ರಲ್ಲಿ ಇಲ್ಲೊಂದು ಫಾರಂ ಮಾಡಿದರು. ನಾಲೆಯ ಹೆಸರು ಬದಲಾದಾಗ ಫಾರಮಿನ ಹೆಸರೂ ಬದಲಾಯಿತು."

"ಇಲ್ಲಿ ಏನೇನು ಪ್ರಯೋಗ ಮಾಡಿದ್ರು?"

"ನೀನು ಬೇಡ ಅಂತ ಮುಖ ತಿರುಗಿಸ್ತೀಯಲ್ಲ, ಆ ರಾಗಿ ಮುದ್ದೆಯ ರಾಗಿ! ಲಕ್ಷ್ಮಣಯ್ಯ ಅಂತ ಒಬ್ಬ ವಿಜ್ಞಾನಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ, ಹೆಚ್ಚು ಇಳುವರಿ ಕೊಡುವ ಇಂಡಾಫ್ ತಳಿಗಳನ್ನು ತಂದರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆಯೋದು."

ಮೊಮ್ಮಗ ನೀರಿಗೆ ಒಂದು ಕಲ್ಲೆಸೆದು ಕೇಳಿದ: "ಸರಿ ತಾತ, ಈ ನೀರು ಎಲ್ಲಿಂದ ಬರುತ್ತೆ?"

ಬಾಯಲ್ಲಿ ಉತ್ತರ ಹೇಳಬಹುದಿತ್ತು. ಆದರೆ ತೋರಿಸೋಣ ಅನ್ನಿಸಿತು. ಅದಕ್ಕೊಂದು ಕಾರಣವಿದೆ. ಅದನ್ನೂ ಹೇಳಿಬಿಡುತ್ತೇನೆ.

ಒಂದು ಹಳೆಯ ಬಾಕಿ

ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು ನಾನು. ಅದರಲ್ಲಿ ಹನ್ನೊಂದು ವರ್ಷ ಶ್ರೀರಂಗಪಟ್ಟಣದ ಒಂದು ಶಾಖೆಯಲ್ಲಿ ಕೆಲಸ ಮಾಡಿದೆ. ಬೆಳಿಗ್ಗೆ ಬಸ್ಸಿನಿಂದ ಇಳಿದು ಬ್ಯಾಂಕಿಗೆ, ಸಂಜೆ ಬ್ಯಾಂಕಿನಿಂದ ಬಸ್ಸಿಗೆ. ದೇಶದ ಎಲ್ಲ ಕಡೆಯಿಂದ ಜನ ಆ ಊರು ನೋಡಲು ಬರುತ್ತಿದ್ದರು. ನಾನು ನೋಡಿದ್ದು ಲೆಡ್ಜರ್ ಪುಸ್ತಕ, ಕೌಂಟರಿನ ಕಬ್ಬಿಣದ ಸರಳು, ಬಸ್ ನಿಲ್ದಾಣ ಮಾತ್ರ.

ಆಗ ನನ್ನ ಮಗನಿಗೆ ಎಂಟು ವರ್ಷ. ಶಾಲೆಯ ಪುಸ್ತಕದಲ್ಲಿ ಒಂದು ಕೊಕ್ಕರೆಯ ಚಿತ್ರ ಬಿಡಿಸಿಕೊಂಡು ಬಂದು, "ಅಪ್ಪ, ರಂಗನತಿಟ್ಟಿನಲ್ಲಿ ದೋಣಿ ಮೇಲೆ ಹೋಗಿ ಇದನ್ನ ನೋಡಬಹುದಂತೆ. ನಿನ್ನ ಬ್ಯಾಂಕಿನ ಹತ್ತಿರಾನೇ ಅಂತೆ" ಎಂದ. ಡಿಸೆಂಬರ್ ರಜೆಯಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟೆ. ಆ ಕಾಲದಲ್ಲಿ ಬ್ಯಾಂಕುಗಳ ವರ್ಷದ ಲೆಕ್ಕ ಮುಗಿಯುತ್ತಿದ್ದುದು ಡಿಸೆಂಬರ್ 31ಕ್ಕೆ. ಲೆಕ್ಕ ತಾಳೆಯಾಗದೆ ರಾತ್ರಿಯವರೆಗೂ ಕೂರುತ್ತಿದ್ದೆವು. ರಜೆ ಕೇಳುವ ಧೈರ್ಯ ನನಗಾಗಲಿಲ್ಲ. ಮುಂದಿನ ವರ್ಷ ನೋಡೋಣ ಎಂದೆ. ಮುಂದಿನ ವರ್ಷವೂ ಹಾಗೇ ಆಯಿತು. ಮೂರನೇ ವರ್ಷ ಅವನು ಕೇಳಲೇ ಇಲ್ಲ.

ಮಕ್ಕಳು ಕೇಳುವುದನ್ನು ನಿಲ್ಲಿಸಿದಾಗ ದೊಡ್ಡವರಿಗೆ ನೆಮ್ಮದಿ ಅನ್ನಿಸುತ್ತದೆ. ಅದು ನೆಮ್ಮದಿಯಲ್ಲ ಎಂದು ತಿಳಿಯುವುದು ತಡವಾಗಿ.

ಈಗ ಆ ಮಗನಿಗೆ ನಲವತ್ತೇಳು. ಅವನೂ ರಜೆಗೆ ಬಂದಿದ್ದ, ಕಾರೂ ಇತ್ತು. "ನಾಳೆ ಪಟ್ಟಣಕ್ಕೆ ಹೋಗೋಣ ಕಣಪ್ಪ. ಕೋಟೆ, ಹಕ್ಕಿಧಾಮ, ಕನ್ನಂಬಾಡಿ ಕಟ್ಟೆ, ಎಲ್ಲ" ಎಂದೆ. ಅವನು ನನ್ನ ಮುಖ ನೋಡಿ, "ಮಂಡಿ ನೋವು ಅಂತಿದ್ದೆಯಲ್ಲಪ್ಪ" ಎಂದ. "ಅದಕ್ಕೇ ಈ ವರ್ಷವೇ ಹೋಗಬೇಕು" ಎಂದೆ.

ನಮ್ಮ ಮನೆಯವಳು ಬೆಳಗಿನ ಜಾವ ಎದ್ದು ಚಿತ್ರಾನ್ನ, ಮೊಸರನ್ನ ಕಟ್ಟಿದಳು. ಏಳು ಗಂಟೆಗೆ ಹೊರಟೆವು. ಗದ್ದೆಗಳ ಮೇಲೆ ಮಂಜು ಇನ್ನೂ ಇಳಿದಿರಲಿಲ್ಲ.

ಮೊದಲು ಸಿಕ್ಕಿದ್ದು ಒಂದು ಸೇತುವೆ

ಮಂಡ್ಯದಿಂದ ಶ್ರೀರಂಗಪಟ್ಟಣ ಮೂವತ್ತು ಕಿಲೋಮೀಟರಿಗೂ ಒಳಗೆ. ಮಕ್ಕಳೇ, ಈ ಪಟ್ಟಣ ಒಂದು ದ್ವೀಪ ಅಂತ ನಿಮಗೆ ಗೊತ್ತೇ? ಸಮುದ್ರದ ನಡುವೆ ಅಲ್ಲ, ಕಾವೇರಿ ನದಿಯ ನಡುವೆ. ಊರಿನ ಪಶ್ಚಿಮಕ್ಕೆ ನದಿ ಎರಡು ಕವಲಾಗಿ ಒಡೆಯುತ್ತದೆ. ಊರನ್ನು ಎರಡು ಕೈಗಳಿಂದ ತಬ್ಬಿಕೊಂಡ ಹಾಗೆ ಹರಿದು, ಪೂರ್ವಕ್ಕೆ ಮತ್ತೆ ಒಂದಾಗುತ್ತದೆ. ಹಾಗಾಗಿ ಯಾವ ಕಡೆಯಿಂದ ಬಂದರೂ ನೀರು ದಾಟಿಯೇ ಊರೊಳಗೆ ಹೋಗಬೇಕು.

ಮಂಡ್ಯದ ಕಡೆಯಿಂದ ಹೋದರೆ ಉತ್ತರದ ಕವಲು ಸಿಗುತ್ತದೆ. ಅಲ್ಲಿ ಹೊಸ ಸೇತುವೆಯ ಹತ್ತಿರದಲ್ಲೇ ಹಳೆಯ ವೆಲ್ಲೆಸ್ಲಿ ಸೇತುವೆ ಇದೆ. 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ್ದು. ಹೆಸರು ಮಾತ್ರ ಆಗಿನ ಗವರ್ನರ್ ಜನರಲ್‌ನದು. ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಕಲ್ಲುಚಪ್ಪಡಿ. ಎರಡು ಶತಮಾನ ಎಷ್ಟೋ ಪ್ರವಾಹಗಳನ್ನು ಕಂಡರೂ ಇನ್ನೂ ನಿಂತಿದೆ. ಬ್ಯಾಂಕಿಗೆ ಹೋಗುವ ಬಸ್ಸಿನಿಂದ ದಿನವೂ ಅದನ್ನು ನೋಡಿದ್ದೆ. ಇಳಿದು ಒಂದು ಕಲ್ಲನ್ನಾದರೂ ಮುಟ್ಟಿ ನೋಡಿದ್ದು ಇದೇ ಮೊದಲು.

ಕೋಟೆಯ ಒಳಗೆ

ಬಿಸಿಲೇರಿದರೆ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆಯಲು ಆಗುವುದಿಲ್ಲ. ಹಾಗಾಗಿ ಮೊದಲು ಶ್ರೀರಂಗನಾಥಸ್ವಾಮಿ ದೇವಸ್ಥಾನಕ್ಕೆ ಹೋದೆವು. ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯ ಎಂಬುವನು ಕಟ್ಟಿಸಿದ ಗುಡಿ ಇದು. ಆಮೇಲೆ ಬಂದ ಹೊಯ್ಸಳರು, ವಿಜಯನಗರದವರು, ಮೈಸೂರಿನ ಒಡೆಯರು ಒಬ್ಬೊಬ್ಬರೂ ಒಂದೊಂದು ಭಾಗ ಸೇರಿಸಿದರು. ಒಳಗೆ ಆದಿಶೇಷನ ಮೇಲೆ ಮಲಗಿರುವ ದೊಡ್ಡ ರಂಗನಾಥ.

ಕಾವೇರಿ ನದಿಯ ಮೂರು ದ್ವೀಪಗಳಲ್ಲಿ ಮೂರು ರಂಗನಾಥರಿದ್ದಾರೆ. ಶ್ರೀರಂಗಪಟ್ಟಣದ್ದು ಆದಿರಂಗ, ನಮ್ಮ ಮಳವಳ್ಳಿಯಾಚೆಯ ಶಿವನಸಮುದ್ರದ್ದು ಮಧ್ಯರಂಗ, ತಮಿಳುನಾಡಿನ ಶ್ರೀರಂಗದ್ದು ಅಂತ್ಯರಂಗ. "ಮೂರೂ ಕಡೆ ಮಲಗಿಕೊಂಡೇ ಇದ್ದಾನಾ ತಾತ?" ಎಂದ ಮೊಮ್ಮಗ. "ನದಿ ಜೋಗುಳ ಹಾಡ್ತಿದ್ರೆ ಏಳೋ ಮನಸ್ಸಾದ್ರೂ ಹೆಂಗೆ ಬರುತ್ತೆ ಮಗ" ಎಂದಳು ಅಜ್ಜಿ.

1610ರಲ್ಲಿ ರಾಜ ಒಡೆಯರು ಈ ಪಟ್ಟಣವನ್ನು ಗೆದ್ದು ರಾಜಧಾನಿ ಮಾಡಿಕೊಂಡರು. ಇಂದು ಲೋಕಪ್ರಸಿದ್ಧವಾಗಿರುವ ಮೈಸೂರು ದಸರಾ ಮೊದಲು ನಡೆದದ್ದು ಇಲ್ಲೇ, ಅದೇ ವರ್ಷ. ಮುಂದೆ ಹೈದರ್ ಅಲಿ, ಟಿಪ್ಪು ಸುಲ್ತಾನರ ಕಾಲದಲ್ಲಿಯೂ ಇದೇ ರಾಜಧಾನಿ. ದೇವಸ್ಥಾನದ ಎದುರು ಬಯಲಿನಲ್ಲಿ ಟಿಪ್ಪುವಿನ ಅರಮನೆ ಇತ್ತು. ಈಗ ಉಳಿದಿರುವುದು ಅಡಿಪಾಯ ಮಾತ್ರ. ಅದೇ ಕೋಟೆಯೊಳಗೆ ಎರಡು ಎತ್ತರದ ಮಿನಾರುಗಳ ಜಾಮಿಯಾ ಮಸೀದಿಯೂ ಇದೆ.

ಅಲ್ಲಿಂದ ನದಿಯ ಪಕ್ಕದ ಕೋಟೆ ಗೋಡೆಗೆ ಹೋದರೆ ಕರ್ನಲ್ ಬೇಯ್ಲಿ ಸೆರೆಮನೆ. ಮೆಟ್ಟಿಲಿಳಿದು ಹೋಗಬೇಕು. ಬಿಳಿ ಸುಣ್ಣದ ಕಮಾನುಗಳು, ಗೋಡೆಯಲ್ಲಿ ಕೈ ಕಟ್ಟಿಹಾಕುವ ಕಲ್ಲುಗಳು. ಬೇಯ್ಲಿ ಎಂಬ ಇಂಗ್ಲಿಷ್ ಸೇನಾಧಿಕಾರಿ ಯುದ್ಧದಲ್ಲಿ ಸೋತು ಸೆರೆಯಾಗಿ 1782ರಲ್ಲಿ ಈ ಊರಿನಲ್ಲೇ ತೀರಿಕೊಂಡ. ಮೊಮ್ಮಗ ಆ ಕಲ್ಲಿಗೆ ತನ್ನ ಎರಡೂ ಕೈ ಚಾಚಿ ನಿಂತು ಫೋಟೋ ತೆಗೆಯಿರಿ ಎಂದ. ಅಕ್ಕ ಅವನ ಕೈ ಹಿಡಿದು ಎಳೆದುಕೊಂಡಳು. "ಇಲ್ಲಿ ನಿಜವಾಗ್ಲೂ ಮನುಷ್ಯರು ಇದ್ರು ಕಣೋ." ಅವನೂ ಸುಮ್ಮನಾದ.

ಊರಿನಲ್ಲಿ ಮಕ್ಕಳಿಗೆ ಬಹಳ ಇಷ್ಟವಾಗುವ ಇನ್ನೊಂದು ಕಟ್ಟಡವಿದೆ. ಅದು ಟಿಪ್ಪುವಿನ ಶಸ್ತ್ರಾಗಾರ, ಮದ್ದಿನ ಮನೆ. ನೋಡಲು ಸಣ್ಣದು, ಆದರೆ ಅದರ ಕಥೆ ದೊಡ್ಡದು. ಜೋಡಿ ರೈಲು ಹಳಿ ಹಾಕುವಾಗ ಇದು ದಾರಿಗೆ ಅಡ್ಡವಾಯಿತು. ಹಳೆಯ ಸ್ಮಾರಕವನ್ನು ಕೆಡವುವಂತಿಲ್ಲ. ಏನು ಮಾಡಿದರು ಗೊತ್ತೇ? 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಬುಡಸಮೇತ ಜಾಕ್‌ಗಳಿಂದ ಎತ್ತಿ, ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು! "ನಮ್ಮ ಮನೇನೂ ಹಂಗೇ ಬೆಂಗಳೂರಿಗೆ ಸರಿಸ್ಬೋದಾ?" ಎಂದು ಮೊಮ್ಮಗ ಅಜ್ಜಿಯನ್ನು ಕೇಳಿದ. "ಬೆಂಗಳೂರನ್ನೇ ಇತ್ಲಾಗೆ ಸರಿಸ್ಕೊಳ್ಳಿ" ಎಂದಳು ಅವಳು.

ಗೆದ್ದವರು ಯಾರು?

ಕೋಟೆಯಿಂದ ಹೊರಗೆ ಬಂದರೆ ದರಿಯಾ ದೌಲತ್ ಬಾಗ್, ಟಿಪ್ಪುವಿನ ಬೇಸಿಗೆ ಅರಮನೆ. 1784ರಲ್ಲಿ ಕಟ್ಟಿಸಿದ್ದು. ಕಲ್ಲಿನ ಕೋಟೆ ನೋಡಿದ ಕಣ್ಣಿಗೆ ಈ ತೇಗದ ಮರದ ಅರಮನೆ ತಂಪು. ಕಂಬ, ಗೋಡೆ, ಸೂರು ಎಲ್ಲದರ ಮೇಲೂ ಬಣ್ಣದ ಚಿತ್ರ. ಬಿಸಿಲು ಬಿದ್ದು ಬಣ್ಣ ಮಾಸಬಾರದೆಂದು ಸುತ್ತಲೂ ಪರದೆ ಇಳಿಬಿಟ್ಟಿದ್ದಾರೆ. ಒಳಗೆ ಹೋದ ಕೂಡಲೇ ಕತ್ತಲು ಅನ್ನಿಸುತ್ತದೆ. ಒಂದು ನಿಮಿಷ ನಿಂತರೆ ಚಿತ್ರಗಳು ಒಂದೊಂದಾಗಿ ಕಾಣತೊಡಗುತ್ತವೆ. ಕಣ್ಣಿನ ಪೊರೆ ತೆಗೆಸಿಕೊಂಡಿರುವ ನನಗೆ ಎರಡು ನಿಮಿಷ ಬೇಕಾಯಿತು.

ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಆನೆ, ಕುದುರೆ, ಫಿರಂಗಿ. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಇಂಗ್ಲಿಷರನ್ನು ಸುತ್ತುವರಿದಿದೆ. ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಒಬ್ಬ ಇಂಗ್ಲಿಷ್ ಅಧಿಕಾರಿ. ಅವನೇ ಸೆರೆಮನೆಯ ಬೇಯ್ಲಿ! ಮೊಮ್ಮಗಳು ಅವನನ್ನು ಹುಡುಕಿ ತೋರಿಸಿದಳು.

"ಹಂಗಾದ್ರೆ ನಮ್ಮವರೇ ಗೆದ್ರಾ?" ಎಂದ ಚಿಕ್ಕವನು.

"ಈ ಯುದ್ಧ ಗೆದ್ದರು. ಆದರೆ 1792ರಲ್ಲಿ ಇಂಗ್ಲಿಷರು ಬಂದು ಇದೇ ಪಟ್ಟಣವನ್ನು ಮುತ್ತಿದಾಗ ಟಿಪ್ಪು ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅರ್ಧ ರಾಜ್ಯ ಕೊಡಬೇಕು, ಕೋಟಿಗಟ್ಟಲೆ ಹಣ ಕೊಡಬೇಕು. ಅಲ್ಲಿಯವರೆಗೆ ತನ್ನ ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಡಬೇಕು."

"ಒತ್ತೆ ಅಂದ್ರೆ?"

ಬ್ಯಾಂಕಿನವನಿಗೆ ಒತ್ತೆ ಎಂದರೆ ಏನೆಂದು ವಿವರಿಸುವುದು ಸುಲಭ. ಆದರೆ ಚಿನ್ನದ ಸರವನ್ನು ಒತ್ತೆ ಇಡುವಂತೆ ಮಕ್ಕಳನ್ನು ಒತ್ತೆ ಇಟ್ಟರು ಎಂದು ಎಂಟು ವರ್ಷದ ಹುಡುಗನಿಗೆ ಹೇಳುವಾಗ ನನ್ನ ದನಿ ತಗ್ಗಿತು. "ಅವರೂ ಹೆಚ್ಚು ಕಡಿಮೆ ನಿನ್ನ ವಯಸ್ಸಿನವರೇ. ಎರಡು ವರ್ಷ ಆದ ಮೇಲೆ ವಾಪಸು ಬಂದರು" ಎಂದೆ. ಅವನು ತನ್ನ ಅಪ್ಪನ ಬೆರಳು ಹಿಡಿದುಕೊಂಡ.

ಕೊನೆಗೆ 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಹೋರಾಡುತ್ತಲೇ ಸತ್ತ. ಅವನ ದೇಹ ಸಿಕ್ಕ ಜಾಗದಲ್ಲಿ ಒಂದು ಕಲ್ಲು ನೆಟ್ಟಿದ್ದಾರೆ. ಗೆದ್ದ ಸೈನ್ಯದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಕೆಲ ಕಾಲ ವಾಸವಿದ್ದದ್ದು ಇದೇ ದರಿಯಾ ದೌಲತ್‌ನಲ್ಲಿ. ತನ್ನವರು ಸೋತ ಚಿತ್ರವಿರುವ ಗೋಡೆಗಳ ನಡುವೆ! ಸೇತುವೆಗೆ ಹೆಸರು ಬಂದದ್ದು ಇವನ ಅಣ್ಣನಿಂದ. ರಾಜಧಾನಿ ಮೈಸೂರಿಗೆ ಹೋಯಿತು. ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಐದು ವರ್ಷ. ಟಿಪ್ಪುವಿನ ಬಳಿ ಕೆಲಸ ಮಾಡಿದ್ದ ಪೂರ್ಣಯ್ಯನವರೇ ಆ ಪುಟ್ಟ ರಾಜನ ದಿವಾನರಾಗಿ ಆಡಳಿತ ನೋಡಿಕೊಂಡರು, ಸೇತುವೆ ಕಟ್ಟಿಸಿದರು.

ಟಿಪ್ಪುವಿನ ಸೈನ್ಯದಲ್ಲಿ ಕಬ್ಬಿಣದ ಕೊಳವೆಯ ರಾಕೆಟ್‌ಗಳಿದ್ದವು. ಯುದ್ಧದ ನಂತರ ಇಂಗ್ಲಿಷರು ಅವನ್ನು ತಮ್ಮ ದೇಶಕ್ಕೆ ಒಯ್ದು ಪರೀಕ್ಷೆ ಮಾಡಿ ತಾವೂ ರಾಕೆಟ್ ತಯಾರಿಸಿದರು. ಅಬ್ದುಲ್ ಕಲಾಂ ಅವರು ತರುಣ ವಿಜ್ಞಾನಿಯಾಗಿ ಅಮೆರಿಕಕ್ಕೆ ಹೋದಾಗ, ಅಲ್ಲಿನ ರಾಕೆಟ್ ಕೇಂದ್ರವೊಂದರ ಗೋಡೆಯ ಮೇಲೆ ಟಿಪ್ಪುವಿನ ಸೈನಿಕರು ರಾಕೆಟ್ ಹಾರಿಸುವ ಚಿತ್ರ ಕಂಡು ಹೆಮ್ಮೆಪಟ್ಟರಂತೆ. ತಮ್ಮ ಆತ್ಮಕಥೆಯಲ್ಲಿ ಅದನ್ನು ಬರೆದಿದ್ದಾರೆ.

ಗಂಜಾಮಿನ ದಾರಿ

ದರಿಯಾ ದೌಲತ್‌ನಿಂದ ಪೂರ್ವಕ್ಕೆ ಹೋದರೆ ಗಂಜಾಂ. ಅಲ್ಲಿ ಹೊಳೆಯ ದಡದಲ್ಲಿ ನಿಮಿಷಾಂಬ ದೇವಸ್ಥಾನ. ಅಜ್ಜಿಯ ದರ್ಶನ ಮುಗಿಯುವವರೆಗೆ ನಾವು ಮೆಟ್ಟಿಲ ಮೇಲೆ ಕುಳಿತು ನೀರು ನೋಡಿದೆವು.

ಅದೇ ಗಂಜಾಮಿನಲ್ಲಿ ಒಂದು ಹಳೆಯ ಚರ್ಚೂ ಇದೆ. ಕ್ರಿಸ್‌ಮಸ್ ವಾರವಾದ್ದರಿಂದ ಬಾಗಿಲಲ್ಲಿ ನಕ್ಷತ್ರದ ದೀಪ ತೂಗುತ್ತಿತ್ತು, ಒಳಗೆ ಗೋದಲಿ ಕಟ್ಟಿದ್ದರು. ಫ್ರಾನ್ಸಿನಿಂದ ಬಂದ ಪಾದ್ರಿ ಅಬ್ಬೆ ದುಬಾಯ್ ಅವರ ಹೆಸರಿನೊಂದಿಗೆ ಸೇರಿದ ಚರ್ಚು ಇದು. ಅವರು ನಮ್ಮವರಂತೆಯೇ ಉಡುಗೆ ತೊಟ್ಟು, ನಮ್ಮವರ ಊಟ ಉಂಡು ಇಲ್ಲೇ ಬಾಳಿದರು. ಜನ ಅವರನ್ನು 'ದೊಡ್ಡಸ್ವಾಮಿಯವರು' ಎನ್ನುತ್ತಿದ್ದರು. ಸಿಡುಬು ರೋಗಕ್ಕೆ ಲಸಿಕೆ ಬಂದ ಹೊಸದರಲ್ಲಿ ಹಾಕಿಸಿಕೊಳ್ಳಲು ಎಲ್ಲರಿಗೂ ಭಯ. ಆಗ ಇವರು ಊರೂರು ತಿರುಗಿ ಸಾವಿರಾರು ಜನರಿಗೆ ಲಸಿಕೆ ಹಾಕಿಸಿದರು. ಕೊರೊನಾ ಕಾಲದಲ್ಲಿ ಸೂಜಿಗೆ ಹೆದರಿ ಅತ್ತ ದೊಡ್ಡವರನ್ನು ನಮ್ಮ ಮಕ್ಕಳೂ ಕಂಡವರೇ. ಅವರಿಗೆ ಇದು ಚೆನ್ನಾಗಿ ಅರ್ಥವಾಯಿತು.

ಮುಂದೆ ಗುಂಬಜ್. ತನ್ನ ತಂದೆ ಹೈದರ್ ಅಲಿಗಾಗಿ ಟಿಪ್ಪು ಕಟ್ಟಿಸಿದ ಸಮಾಧಿ. ಹೊರಗೆ ಸುತ್ತಲೂ 36 ಕಪ್ಪು ಕಲ್ಲಿನ ಕಂಬಗಳು. ಮುಖ ನೋಡಿಕೊಳ್ಳುವಷ್ಟು ನುಣುಪು. ಬಾಗಿಲುಗಳ ಮೇಲೆ ದಂತದ ಕುಸುರಿ. ಒಳಗೆ ಹೈದರ್, ಅವನ ಹೆಂಡತಿ, ಮಗ ಟಿಪ್ಪು ಮೂವರೂ ಅಕ್ಕಪಕ್ಕ ಮಲಗಿದ್ದಾರೆ. ಒಳಗೆ ಮಾತಾಡಬಾರದೆಂದು ಯಾರೂ ಹೇಳಲಿಲ್ಲ. ಆದರೂ ನಮ್ಮ ಚಿಕ್ಕವನು ಪಿಸುಗುಟ್ಟಿದ: "ಅಪ್ಪ, ಅಮ್ಮ, ಮಗ. ನಮ್ಮನೆ ಥರಾನೇ."

ಇನ್ನೂ ಮುಂದೆ, ದ್ವೀಪದ ಕೊನೆಯಲ್ಲಿ ಸಂಗಮ. ಕವಲೊಡೆದ ಕಾವೇರಿ ಮತ್ತೆ ಕೂಡುವ ಜಾಗ. ಅಲ್ಲಿ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಕೋತಿಗಳಿವೆ, ಎಚ್ಚರಿಕೆ! ನಮ್ಮ ಬಾಳೆಹಣ್ಣಿನ ಚಿಪ್ಪೊಂದು ಅವುಗಳ ಪಾಲಾಯಿತು. ಊಟ ಮಾಡುತ್ತಾ ಮೊಮ್ಮಗಳು ಕೇಳಿದಳು: "ತಾತ, ಇಷ್ಟೊಂದು ಜನ ಈ ಊರಿಗೋಸ್ಕರ ಹೊಡೆದಾಡಿದ್ರಲ್ಲ. ಕೊನೆಗೆ ಯಾರಿಗೂ ಸಿಗಲಿಲ್ಲ ಅಲ್ವಾ?"

ನಾನು ಉತ್ತರ ಹುಡುಕುತ್ತಿದ್ದಾಗ ಅವಳ ಅಜ್ಜಿ ಮೊಸರನ್ನ ಬಡಿಸುತ್ತಾ, "ನಮಗೆ ಸಿಕ್ತಲ್ಲ, ಇನ್ನೇನು? ಉಣ್ಣು" ಎಂದಳು.

ದೋಣಿಯಲ್ಲಿ

ಅಲ್ಲಿಂದ ಹಿಂದಿರುಗಿ, ಊರು ದಾಟಿ ರಂಗನತಿಟ್ಟಿಗೆ. ಪಟ್ಟಣದಿಂದ ಕೆಲವೇ ಕಿಲೋಮೀಟರು. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದಾಗ ಇಲ್ಲಿನ ಪುಟ್ಟ ಪುಟ್ಟ ತಿಟ್ಟುಗಳು ಉಂಟಾದವು. ಸುತ್ತಲೂ ನೀರು ಇರುವುದರಿಂದ ಬೆಕ್ಕು, ನರಿಗಳ ಭಯವಿಲ್ಲ. ಹಕ್ಕಿಗಳು ಇದನ್ನು ತವರುಮನೆ ಮಾಡಿಕೊಂಡವು. ಹಕ್ಕಿ ತಜ್ಞ ಸಲೀಂ ಅಲಿ ಅವರು ಇದನ್ನು ಕಂಡು ಮಹಾರಾಜರಿಗೆ ಹೇಳಿದ್ದರಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣವಾಗಿ, ಅಂದರೆ ಇಡೀ ಜಗತ್ತೇ ಕಾಪಾಡಬೇಕಾದ ಜೌಗು ತಾಣವಾಗಿ ಹೆಸರು ಪಡೆಯಿತು.

ಐವರೂ ದೋಣಿ ಹತ್ತಿದೆವು. ನನ್ನ ಮಂಡಿ ಕಿರ್ ಎಂದಿತು. ಮಗ ರಟ್ಟೆ ಹಿಡಿದು ಕೂರಿಸಿದ. ಬಂಡೆಯ ಮೇಲೆ ಬಾಯಿ ತೆರೆದುಕೊಂಡು ಮೊಸಳೆಯೊಂದು ಬಿಸಿಲು ಕಾಯುತ್ತಿತ್ತು. "ಬೊಂಬೆ" ಎಂದ ಮೊಮ್ಮಗ. ಅದು ಕಣ್ಣು ಮಿಟುಕಿಸಿತು. ಅವನು ಅಜ್ಜಿಯ ಸೆರಗಿನೊಳಗೆ ಸೇರಿದ.

ಮರಗಳ ತುಂಬ ಹಕ್ಕಿ. ಚಮಚದಂಥ ಕೊಕ್ಕಿನ ಹಕ್ಕಿ, ಕೊಕ್ಕಿನ ನಡುವೆ ಸಂದು ಬಿಟ್ಟಿರುವ ಬಾಯ್ಕಳಕ, ಗಂಟಲಿಗೆ ಚೀಲ ಕಟ್ಟಿಕೊಂಡಂತಿರುವ ಹೆಜ್ಜಾರ್ಲೆ, ರೆಕ್ಕೆ ಒಣಹಾಕಿ ಕುಳಿತ ನೀರುಕಾಗೆ. ದೋಣಿಯವರು ಹುಟ್ಟು ನಿಲ್ಲಿಸಿ ಒಂದು ಕೊಂಬೆ ತೋರಿಸಿದರು. ಹಳದಿ ಕೊಕ್ಕು, ರೆಕ್ಕೆಯ ತುದಿಯಲ್ಲಿ ನಸುಗೆಂಪು. ಬಣ್ಣದ ಕೊಕ್ಕರೆ.

ನನ್ನ ಮಗ ಅದನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ, ನಗುತ್ತಲೇ, "ನಾನು ಬರೆದಿದ್ದ ಚಿತ್ರದಲ್ಲಿ ಕೊಕ್ಕಿಗೆ ಕೆಂಪು ಬಣ್ಣ ಹಾಕಿದ್ದೆ ಅಪ್ಪ. ತಪ್ಪಾಗಿತ್ತು" ಎಂದ.

ಅವನು ಮರೆತಿರಲಿಲ್ಲ. "ತಪ್ಪು ನಿಂದಲ್ಲ ಕಣಪ್ಪ. ನೋಡಿದ್ದರೆ ತಾನೇ ಗೊತ್ತಾಗೋದು" ಎಂದೆ. ಅಷ್ಟೇ ಹೇಳಲು ಆದದ್ದು. ಅವನು ನನ್ನ ಕೈ ಮೇಲೆ ಕೈ ಇಟ್ಟ. ದೋಣಿ ಮುಂದೆ ಹೋಯಿತು.

ಕಟ್ಟೆಯ ಕೆಳಗೆ

ಸಂಜೆಯ ಹೊತ್ತಿಗೆ ಕೃಷ್ಣರಾಜಸಾಗರ. ನಮ್ಮ ಹಳ್ಳಿಗಳ ಬಾಯಲ್ಲಿ ಇಂದಿಗೂ ಅದು ಕನ್ನಂಬಾಡಿ ಕಟ್ಟೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ 1911ರಲ್ಲಿ ಕೆಲಸ ಶುರುವಾಯಿತು. ಮುಗಿದದ್ದು 1932ಕ್ಕೆ. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ ಬಳಸಿ ಕಟ್ಟಿದ ಕಟ್ಟೆ ಇದು. ಇದೇ ಜಾಗದಲ್ಲಿ ಕಟ್ಟೆ ಕಟ್ಟಬೇಕೆಂದು ಟಿಪ್ಪು 1794ರಲ್ಲಿಯೇ ಹಾಕಿಸಿದ್ದ ಪರ್ಷಿಯನ್ ಶಾಸನವೂ ಕೆಲಸ ಮಾಡುವಾಗ ಸಿಕ್ಕಿತು.

"ನೋಡು, ನೀನು ಕೇಳಿದ್ದೆಯಲ್ಲ. ನಮ್ಮೂರಿನ ನೀರು ಇಲ್ಲಿಂದ ಹೊರಡುತ್ತೆ" ಎಂದೆ. ಕಟ್ಟೆಯ ಎಡಭಾಗದಿಂದ ಹೊರಟ ನಾಲೆಗೆ ದಾರಿಯಲ್ಲಿ ಹುಲಿಕೆರೆಯ ಗುಡ್ಡ ಅಡ್ಡ ಬಂತು. ಗುಡ್ಡವನ್ನೇ ಕೊರೆದು ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಮಾಡಿದರು. ಅದರೊಳಗೆ ನುಗ್ಗಿ ನೀರು ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಬಂತು. ಅಲ್ಲಿಯವರೆಗೆ ಮಳೆ ನಂಬಿ ರಾಗಿ, ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ, ಕಬ್ಬು ಬಂದವು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆಯಿತು. 1939ರಲ್ಲಿ ಮಂಡ್ಯ ಜಿಲ್ಲೆಯೂ ಆಯಿತು.

ಮೊಮ್ಮಗಳು ಲೆಕ್ಕ ಹಾಕಿದಳು. "ಅಂದ್ರೆ ಕೋಟೆ ಪಕ್ಕ ಹರಿಯೋ ನೀರು, ಹಕ್ಕಿಗಳ ನೀರು, ನಮ್ಮ ನಾಲೆ ನೀರು ಎಲ್ಲಾ ಈ ಕಟ್ಟೆಯಿಂದಾನೇ." ಸರಿಯಾದ ಲೆಕ್ಕ.

ಇಷ್ಟು ಹೇಳಿ ನಾನು ಮುಗಿಸುತ್ತಿದ್ದೆ. ಆದರೆ ಹಿಂದೆ ನಿಂತಿದ್ದ ನಮ್ಮ ಮನೆಯವಳು ನಿಧಾನವಾಗಿ, "ಕಟ್ಟೆ ಹಿಂದೆ ನೀರೊಳಗೆ ಊರುಗಳಿವೆ ಕಣ್ರವ್ವ" ಎಂದಳು. ಕನ್ನಂಬಾಡಿಯೂ ಸೇರಿ ಹಲವು ಹಳ್ಳಿಗಳು ಮುಳುಗಿದವು. ಅವಳ ತಾಯಿಯ ಅಜ್ಜಿ ಅಂಥ ಒಂದು ಹಳ್ಳಿಯವರು. ಊರು ಬಿಟ್ಟು ಬರುವಾಗ ಎಲ್ಲರೂ ಪಾತ್ರೆ ಪಗಡ ಗಾಡಿಗೆ ಹೇರಿದರೆ, ಆ ತಾಯಿ ಮನೆಯ ಬೀಸುಕಲ್ಲನ್ನು ಬಿಟ್ಟು ಬರಲು ಒಪ್ಪಲಿಲ್ಲವಂತೆ. ಆ ಬೀಸುಕಲ್ಲು ಇವಳ ತವರಿನ ಹಿತ್ತಲಲ್ಲಿ ಇಂದಿಗೂ ಇದೆ. ನಾನು ಐವತ್ತು ವರ್ಷದಿಂದ ಅದನ್ನು ನೋಡಿದ್ದೇನೆ, ಅದರ ಮೇಲೆ ಕುಳಿತು ಕಾಫಿಯನ್ನೂ ಕುಡಿದಿದ್ದೇನೆ. ಈ ಕಥೆ ಕೇಳಿದ್ದು ಅವತ್ತೇ.

"ಯಾಕೆ ಇಷ್ಟು ದಿನ ಹೇಳಲಿಲ್ಲ?" ಎಂದೆ.

"ನೀವು ಯಾವತ್ತು ಕೇಳಿದ್ರಿ? ಯಾವತ್ತು ಇಲ್ಲಿಗೆ ಕರ್ಕೊಂಡು ಬಂದ್ರಿ?" ಎಂದಳು.

ನನ್ನ ಬಾಕಿ ನಾನು ತಿಳಿದದ್ದಕ್ಕಿಂತ ದೊಡ್ಡದಿತ್ತು.

ಬೃಂದಾವನದ ಕಾರಂಜಿಗಳಿಗೆ ದೀಪ ಹತ್ತಿತು. ಚಿಕ್ಕವನು ಕುಣಿದ. ಮೊಮ್ಮಗಳು ಮಾತ್ರ ಬೆಳಕಿನ ಕಡೆ ಬೆನ್ನು ಮಾಡಿ, ಕಪ್ಪಗೆ ನಿಂತ ಕಟ್ಟೆಯನ್ನು ನೋಡುತ್ತಾ ಅಜ್ಜಿಯ ಪಕ್ಕ ಕುಳಿತಿದ್ದಳು. "ಆ ಬೀಸುಕಲ್ಲು ನಂಗೆ ತೋರಿಸ್ತೀಯಾ ಅಜ್ಜಿ?" ಎಂದು ಕೇಳುತ್ತಿದ್ದಳು.

ಹೋಗುವವರಿಗೆ ನಾಲ್ಕು ಮಾತು

ಮಂಡ್ಯ, ಮೈಸೂರು ಎರಡೂ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಬಸ್ಸು, ರೈಲು ಇವೆ. ಊರೊಳಗೆ ಆಟೋ ಮಾಡಿಕೊಳ್ಳಬಹುದು. ಬೆಳಿಗ್ಗೆ ಬೇಗ ಹೊರಡಿ, ದೇವಸ್ಥಾನ ಮೊದಲು ಮುಗಿಸಿ. ಹೊಳೆಗೆ ಎಲ್ಲೆಂದರಲ್ಲಿ ಇಳಿಯಬೇಡಿ, ಸುಳಿಗಳಿವೆ. ನೀರು ಹೆಚ್ಚಿರುವ ಮಳೆಗಾಲದ ದಿನಗಳಲ್ಲಿ ದೋಣಿ ಬಿಡುವುದಿಲ್ಲ. ಎಲ್ಲವನ್ನೂ ಒಂದೇ ದಿನ ನೋಡಲೇಬೇಕೆಂಬ ಹಟ ಬೇಡ. ಅಜ್ಜಿ ತಾತಂದಿರ ಮಂಡಿಯನ್ನೂ ಕೇಳಿಕೊಂಡು ಹೋಗಿ. ಮತ್ತೆ ತಾತಂದಿರೇ, ಮಕ್ಕಳು ಕೇಳುವಾಗಲೇ ಕರೆದುಕೊಂಡು ಹೋಗಿ.

ಮೊನ್ನೆ ಭಾನುವಾರ ಫೋನು ಬಂತು. ಪರದೆಯ ತುಂಬ ಮೊಮ್ಮಗನ ಮುಖ. "ತಾತ, ವಿ.ಸಿ. ಫಾರಂಗೆ ವಿ.ಸಿ. ಮಾಡಿದ್ದೀನಿ!" ಎಂದು ನಕ್ಕ. ಆಮೇಲೆ, "ನಾಲೇಲಿ ನೀರಿದೆಯಾ?" ಎಂದು ಕೇಳಿದ.

ಬಾಯಲ್ಲಿ ಹೇಳಬಹುದಿತ್ತು. "ತಡಿ, ತೋರಿಸ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು, ಫೋನು ಹಿಡಿದು ಏರಿಯ ಕಡೆ ಹೊರಟೆ.